ಮೊದಲ ದಿನ ಸುಮ್ಮನೆ ನೋಡಿ

ಇಷ್ಟು ವರ್ಷ ಬಾಯಿ ಬಿಡದವನು ಈಗ ಅಭಿನಂದನ ಗ್ರಂಥದಲ್ಲಿ ಬಾಯಿ ಬಿಟ್ಟರೆ ಅದು ಗೌರವವೋ, ತನ್ನ ಹೊರೆ ಇಳಿಸಿಕೊಳ್ಳುವ ಉಪಾಯವೋ? ಬರೆಯಲು ಕೂತ ಇಂಜಿನಿಯರನಿಗೆ ಮೊದಲ ವಾಕ್ಯಕ್ಕೇ ಈ ಅನುಮಾನ ಅಡ್ಡ ಬಂದಿತು. ಬರೆಯಬೇಕಾದದ್ದು ದೊಡ್ಡಕ್ಕನವರ ಬಗ್ಗೆ. ಗಾಲಿಕುರ್ಚಿಗಳನ್ನು ದುರಸ್ತಿ ಮಾಡಿ ಉಚಿತವಾಗಿ ಕೊಡುವ ಸಂಸ್ಥೆಯಲ್ಲಿ ಮೂವತ್ತೊಂದು ವರ್ಷ ಸ್ವಯಂಸೇವಕರ ಹೊಣೆ ಹೊತ್ತು ಈಗ ನಿವೃತ್ತರಾಗುತ್ತಿರುವ ಅವರು, ಕಸುಬು ಬಲ್ಲವರನ್ನು ಸೇವೆಗೆ ಹಚ್ಚುವ ವಿದ್ಯೆಯಲ್ಲಿ ಈ ಕ್ಷೇತ್ರಕ್ಕೇ ಹಿರಿಯರು. ಆ ವಿದ್ಯೆ ಅವರಿಗೆ ಒಲಿದದ್ದು ಒಂದು ತಪ್ಪಿನಿಂದ. ತಪ್ಪು ನಡೆದದ್ದು ಇವನ ವಿಷಯದಲ್ಲೇ.

ಕಾರ್ಖಾನೆಗಳು ಒಂದೊಂದಾಗಿ ಬಾಗಿಲು ಹಾಕುತ್ತಿದ್ದ ವರ್ಷ ಅದು. ಕೆಲಸ ಹೋದದ್ದನ್ನು ಮನೆಯಲ್ಲಿ ಹೇಳಲಾರದೆ, ದಿನವೂ ಇಸ್ತ್ರಿ ಅಂಗಿ ತೊಟ್ಟು ಹೊರಡುತ್ತಿದ್ದವನು ಮೂರನೆಯ ವಾರ ಸಂಸ್ಥೆಯ ಬಾಗಿಲಲ್ಲಿ ನಿಂತು, "ಸೇವೆ ಮಾಡೋಣ ಅಂತ ಬಂದೆ" ಎಂದ. ಕೈ ಸಾಲದೆ ಒದ್ದಾಡುತ್ತಿದ್ದ ದೊಡ್ಡಕ್ಕ ಏನೂ ವಿಚಾರಿಸದೆ ಲಕೋಟೆಗಳಿಗೆ ವಿಳಾಸ ಅಂಟಿಸಲು ಕೂರಿಸಿದರು. ಪಕ್ಕದ ಕೋಣೆಯಲ್ಲಿ ಬ್ರೇಕು ಹಿಡಿಯದ ಕುರ್ಚಿಗಳು ಗೋಡೆಗೊರಗಿದ್ದವು. ಇವನು ನಾಲ್ಕು ದಿನ ತುಟಿ ಪಿಟಕ್ಕೆನ್ನದೆ ಅಂಟಿಸಿದ. ಐದನೆಯ ದಿನ ಊಟದ ಹೊತ್ತಿನಲ್ಲಿ ತಡೆಯಲಾರದೆ ಒಂದು ಕುರ್ಚಿಯ ಬ್ರೇಕು ಬಿಚ್ಚಿ ಕೂತಿದ್ದಾಗ ದೊಡ್ಡಕ್ಕನವರ ಕೈಗೆ ಸಿಕ್ಕಿಬಿದ್ದ.

"ಅಯ್ಯೋ, ಕುದುರೆ ತಂದು ಗಾಣಕ್ಕೆ ಕಟ್ಟಿದ್ನಲ್ಲಪ್ಪ! ನೀನಾದ್ರೂ ಬಾಯಿ ಬಿಟ್ಟು ಹೇಳ್ಬಾರ್ದಾ?"

"ನೀವು ಕೇಳ್ಲಿಲ್ಲ ಅಕ್ಕ."

"ಒಳ್ಳೆ ವಾಚಾಳಿ! ಐದು ದಿನಕ್ಕೆ ಮೂರೇ ಮಾತು."

ಮರುದಿನವೇ ಹೊಸ ನಿಯಮ ಬಂತು. ಬಂದವರು ಯಾರೇ ಆಗಲಿ, ಮೊದಲ ದಿನ ಯಾವುದಕ್ಕೂ ಕೈ ಹಾಕದೆ ಎಲ್ಲ ಕೋಣೆ ಸುತ್ತಿ ಸುಮ್ಮನೆ ನೋಡಬೇಕು, ಸಂಜೆ, "ಏನು ಕಂಡ್ರೆ ಕೈ ತುರಿಸ್ತು?" ಎಂಬ ಒಂದೇ ಪ್ರಶ್ನೆ. ಬೆಸುಗೆಯವರು, ದರ್ಜಿಗಳು, ಮುಚ್ಚಿದ ಕಂಪನಿಯ ಉಗ್ರಾಣ ನೋಡಿಕೊಳ್ಳುತ್ತಿದ್ದವರು, ಹೀಗೆ ಆ ವರ್ಷ ನಲವತ್ತು ಮಂದಿ ಅಲ್ಲಿ ನೆಲೆ ಕಂಡರು. ನೌಕರಿ ಸಿಕ್ಕವರನ್ನು ದೊಡ್ಡಕ್ಕ ಒಂದು ದಿನವೂ ಹಿಡಿದಿಡಲಿಲ್ಲ; ಹೋದವರು ರಜೆಯ ದಿನ ತಾವಾಗಿ ಬಂದರು.

ಒಂದು ಮಧ್ಯಾಹ್ನ ನೆರೆಯವರ ಮಾತು ಕೇಳಿ ಇವನ ಹೆಂಡತಿ ಹುಡುಕಿಕೊಂಡು ಬಂದಳು. "ಇವರಿಗೆ ಇಲ್ಲಿ ಕೆಲಸನಾ?"

ಇವನ ಕೈಯ ಸ್ಪ್ಯಾನರ್ ನಿಂತಿತು. ದೊಡ್ಡಕ್ಕ ಇವನ ಮುಖ ಒಮ್ಮೆ ನೋಡಿದರು. "ಕೆಲಸಾನಾ? ತಲೆ ಎತ್ತೋಕೆ ಪುರುಸೊತ್ತಿಲ್ಲ ತಾಯಿ. ಮಿಕ್ಕಿದ್ದು ಮನೇಲಿ ಅವನೇ ಹೇಳ್ತಾನೆ."

ಸುಳ್ಳು ಆಡಲಿಲ್ಲ, ಮಾನವನ್ನೂ ಕಳೆಯಲಿಲ್ಲ. ಆ ಸಂಜೆ ಇವನು ಹೆಂಡತಿಗೆ ಎಲ್ಲವನ್ನೂ ಹೇಳಿದ.

ದೊಡ್ಡಕ್ಕನವರು ನೂರ್ಕಾಲ ಬಾಳಲಿ. ನಿವೃತ್ತಿಯ ಮೊದಲ ದಿನ ತಮ್ಮದೇ ನಿಯಮದಂತೆ ಸುಮ್ಮನೆ ನೋಡಲಿ. ಆಮೇಲೆ ಕೈ ತುರಿಸಿದ ಕಡೆಗೆ ಬಂದೇ ಬರಲಿ.

ಇವನು ಅಲ್ಲಿಗೆ ಹೋದದ್ದು ಸೇವೆಗಲ್ಲ. ಹಗಲು ಕಳೆಯಲು ಬೇರೆ ಜಾಗವಿರಲಿಲ್ಲ. ದೊಡ್ಡಕ್ಕನವರಿಗೆ ಅದನ್ನು ಇವನು ಈ ಸಾಲು ಬರೆಯುವವರೆಗೂ ಹೇಳಿರಲಿಲ್ಲ.