ಮಡಿಯುಟ್ಟು ನಾಯಿಜಪ

ಸಿರುಗುಪ್ಪದ ರಾಘಣ್ಣಾಚಾರ್ಯರು ಅಪ್ಪನಿಂದ ಬಂದ ಸಂಸ್ಕೃತ ಪಾಠಶಾಲೆ ನಡೆಸುತ್ತಿದ್ದರು. ಬಳ್ಳಾರಿಗೆ ರೈಲು ಬಂದ ಮೇಲೆ ಹುಡುಗರೆಲ್ಲ ಇಂಗ್ಲಿಷ್ ಶಾಲೆಯ ಕಡೆ ತಿರುಗಿದರು. ಪಾಠಶಾಲೆಯ ಜಗಲಿಗೆ ಗುಬ್ಬಿಗಳು ಮಾತ್ರ ಉಳಿದವು. ಕುರುಗೋಡಿನ ಮಾವ ಅಳಿಯನಿಗೆಂದು ಒಂದು ಕೋಣೆಗೆ ಸುಣ್ಣ ಬಳಿಸಿ, ಬಂದು ಇದ್ದುಬಿಡಿರೆಂದು ಹೇಳಿಕಳಿಸಿದರು. ಮನೆ ಅಳಿಯನಾಗುವುದಕ್ಕಿಂತ ತುಂಗಭದ್ರೆಗೆ ಬೀಳುವುದು ಮೇಲೆಂದು ಆಚಾರ್ಯರಿಗೆ ಅನ್ನಿಸಿತು. ಆದರೆ ಬೇಸಿಗೆ, ಹೊಳೆಯಲ್ಲಿ ಮೊಣಕಾಲುದ್ದ ನೀರಿತ್ತು.

ಆಗಲೇ ಬಳ್ಳಾರಿಯ ಕಂಟೋನ್ಮೆಂಟಿನಿಂದ ಸುದ್ದಿ ಬಂತು. ಹತ್ತಿ ಕೊಳ್ಳಲು ಬಂದು ನೆಲೆಸಿದ್ದ ಜರ್ಮನಿಯ ಕೆಸ್ಲರ್ ದೊರೆಗೆ ಹೊಸದಾಗಿ ಮದುವೆಯಾಗಿತ್ತು. ದೊರೆ ಸಂತೆಯ ಕನ್ನಡ ಆಡುತ್ತಿದ್ದ. ಹೆಂಡತಿಗೆ ಜರ್ಮನ್ ಬಿಟ್ಟರೆ ಬೇರೆ ಮಾತು ಬಾರದು. ಆಕೆಗೆ ಕನ್ನಡ ಕಲಿಸುವವರು ಬೇಕು, ಕಲಿಸುವವರಿಗೆ ಮೊದಲು ಒಂದಿಷ್ಟು ಜರ್ಮನ್ ಬರಬೇಕು. ಆಚಾರ್ಯರು ಹೆಂಡತಿ ಪದ್ಮಾಬಾಯಿಯೊಡನೆ ಬಳ್ಳಾರಿಗೆ ಬಂದು, ಸಂಜೆ ಸಂಜೆ ದೊರೆಯ ಮುಂದೆಯೇ ಜರ್ಮನ್ ಪಾಠಕ್ಕೆ ಕುಳಿತರು.

ಮೊದಲ ದಿನವೇ ಹಿಗ್ಗುತ್ತ ಮನೆಗೆ ಬಂದರು. "ಏ, ಕೇಳಿಲ್ಲಿ! ನಮಗ ಎಂಟು ವಿಭಕ್ತಿ, ಅವರಿಗೆ ಬರೇ ನಾಲ್ಕು! ಯಾರು, ಯಾರದು, ಯಾರಿಗೆ, ಯಾರನ್ನು, ಮುಗೀತು. ನಮ್ಮ ಪದ ಬಾಲ ಬದಲಿಸ್ತದ. ಅವರ ಪದ ಹೆಚ್ಚುಕಮ್ಮಿ ಹಂಗೇ ಕೂತಿರ್ತದ, ಮುಂದಿನ ಸಣ್ಣ ಪದ ರುಮಾಲು ಬದಲಿಸ್ತದ."

ಮರುದಿನ ಬೆಳಿಗ್ಗೆ ಮಡಿಯುಟ್ಟು, ಸಂಧ್ಯಾವಂದನೆ ಮುಗಿಸಿ, ರಾಮಶಬ್ದ ಹೇಳುವ ಅದೇ ರಾಗದಲ್ಲಿ ಬೆರಳು ಮಡಿಸುತ್ತ ಶುರುಮಾಡಿದರು: "ಡೆರ್ ಹುಂಡ್, ಡೆಸ್ ಹುಂಡೆಸ್, ಡೆಮ್ ಹುಂಡೆ, ಡೆನ್ ಹುಂಡ್..."

"ಹುಂಡ್ ಅಂದ್ರ ಏನ್ರಿ?" ಪದ್ಮಾಬಾಯಿ ಅಡುಗೆಮನೆಯಿಂದ ಕೇಳಿದರು.

"ನಾಯಿ."

"ಅಯ್ಯ ರಾಯರೇ! ಮಡಿಯೊಳಗ ನಾಯಿಜಪ ಮಾಡ್ಲಿಕ್ಕೆ ಹತ್ತೀರಲ್ರೀ! ನೈವೇದ್ಯಕ್ಕ ಏನಿಡ್ಲಿ, ಎಲುಬು?"

"ಸುಮ್ನಿರು, ನಡುವ ನಿಲ್ಲಿಸಿದ್ರ ದೋಷ," ಎಂದು ಮತ್ತೆ ಮೊದಲಿನಿಂದ ಹಿಡಿದರು. ಅದು ಅವರ ಮನೆತನದ ಕಟ್ಟು: ಹಿಡಿದ ಪಾಠ ಕೊನೆ ಮುಟ್ಟಲೇಬೇಕು.

ತಿಂಗಳ ಮೇಲೆ ಪರೀಕ್ಷೆ. ಬಂಗಲೆಯ ವರಾಂಡದಲ್ಲಿ ದೊರೆಸಾನಿ ಒಂದು ಬಿಸ್ಕತ್ತು ಎತ್ತಿ ಹಿಡಿದು "ವೇಮ್?" ಎಂದಳು. ಯಾರಿಗೆ ಕೊಡಲಿ ಎಂದು ಅರ್ಥ. ಕಾಲ ಬಳಿ ಅವಳ ನಾಯಿ ಕುಳಿತಿತ್ತು. ಉತ್ತರ ಆಚಾರ್ಯರಿಗೆ ಗೊತ್ತಿತ್ತು. ಆದರೆ ಅದನ್ನು ಮುಟ್ಟಲು ಅವರಿಗೆ ಒಂದೇ ದಾರಿ, ಮೊದಲಿನಿಂದ. ಕಣ್ಣು ಮುಚ್ಚಿ, ಮೈ ತೂಗುತ್ತ "ಡೆರ್ ಹುಂಡ್" ಎಂದು ಹಿಡಿದರು. "ಡೆಮ್ ಹುಂಡೆ", ಅಂದರೆ ನಾಯಿಗೆ, ಬಂದಾಗ ದೊರೆ "ಸಾಕು, ಸಾಕು!" ಎಂದ. ನಿಲ್ಲುವುದುಂಟೆ? ಆಚಾರ್ಯರು ಬಹುವಚನಕ್ಕೆ ನಡೆದರು. ನಾಯಿ ಅಲ್ಲಿಯವರೆಗೆ ಕಾಯಲಿಲ್ಲ; ಹಾರಿ ಬಿಸ್ಕತ್ತು ಕಿತ್ತುಕೊಂಡಿತು.

"ಆಚಾರ್ರೇ, ಇದು ಮಾತು ಅಲ್ಲ, ಭಜನಿ," ಎಂದ ದೊರೆ. "ಊರಿಗೆ ಹೋಗ್ರಿ."

ಆಚಾರ್ಯರ ಕಣ್ಣ ಮುಂದೆ ಸುಣ್ಣ ಬಳಿದ ಕೋಣೆ ಬಂದು ನಿಂತಿತು. ಶಲ್ಯ ಸರಿಮಾಡಿಕೊಂಡು ಮೆಟ್ಟಿಲಿಳಿದರು. ಹಿಂದಿನಿಂದ ಸಣ್ಣ ದನಿಯೊಂದು ಅದೇ ರಾಗ ಗುನುಗಿತು. ಗಂಡ ಕೊಟ್ಟ ಕನ್ನಡ ಪುಸ್ತಕದ ಮುಂದೆ ತಿಂಗಳೆಲ್ಲ ಅತ್ತಿದ್ದ ದೊರೆಸಾನಿ ಈಗ ತಲೆ ತೂಗುತ್ತ ನಗುತ್ತಿದ್ದಳು. ನಾಯಿಯ ಕಡೆ ಬೆರಳು ಮಾಡಿ "ಕನ್ನಡ?" ಎಂದಳು.

ಆಚಾರ್ಯರು ಮೆಟ್ಟಿಲ ಮೇಲೆಯೇ ಕುಳಿತರು. "ನಾಯಿಯು, ನಾಯಿಯನ್ನು, ನಾಯಿಯಿಂದ, ನಾಯಿಗೆ..." ಅವಳು ಹಿಂದೆ ಹಿಂದೆ ಹೇಳಿದಳು. ದೊರೆ ಹಣೆ ಬಡಿದುಕೊಂಡು ಒಳಗೆ ಹೋದ. ಮರುದಿನದಿಂದ ಆಚಾರ್ಯರೇ ಮೇಷ್ಟರು.

ಪಾಠ ಚೆನ್ನಾಗಿಯೇ ಹತ್ತಿತು, ಕಟ್ಟಿನ ಸಮೇತ. ದೊರೆಸಾನಿ ತರಕಾರಿ ಕೊಳ್ಳಲು ನಿಂತರೆ "ಬದನೆಕಾಯಿಯು, ಬದನೆಕಾಯಿಯನ್ನು" ಎಂದು ಮೊದಲಿನಿಂದಲೇ ಹಿಡಿಯುವಳು. ರೂಪನಗುಡಿಯಿಂದ ಬುಟ್ಟಿ ಹೊತ್ತು ಬರುವ ಹಂಪಕ್ಕ ಉಳಿದ ಗಿರಾಕಿಗಳನ್ನು ಗದರುವಳು: "ಗದ್ಲ ಮಾಡಬ್ಯಾಡ್ರಪ್ಪ, ಅಮ್ಮಾರ ಪೂಜಿ ನಡದೈತಿ. ಮುಗೀಲಿ, ತೂಗ್ತೀನಿ."

ಕುರುಗೋಡಿನ ಮಾವ ಒಂದು ವರ್ಷ ಕಾದರು. ಆಮೇಲೆ ಆ ಕೋಣೆಯಲ್ಲಿ ಎಮ್ಮೆ ಕಟ್ಟಿದರು.