ರಿಯಾಯಿತಿ ತಿಳಿಸಿಕೊಡಲು ಹೋದದ್ದು

ಈಗೀಗ ನಾನು ಯಾವ ಕೋಣೆಯ ದೀಪ ಹಾಕುವ ಮೊದಲೂ ಒಮ್ಮೆ ಮೂಸಿ ನೋಡುತ್ತೇನೆ. ಬೆಟಗೇರಿಯ ನಮ್ಮ ಮನೆಯಲ್ಲಿ ಹೆಂಡತಿಗೆ ಇದು ರೂಢಿಯಾಗಿಬಿಟ್ಟಿದೆ. ಬೇರೆಯವರ ಮನೆಗೆ ಹೋದಾಗ ಮಾತ್ರ ಕಷ್ಟ. ಬಚ್ಚಲಿನ ಬಾಗಿಲಲ್ಲಿ ನಿಂತು ಮೂಗು ಅರಳಿಸುವ ಅತಿಥಿಯ ಬಗ್ಗೆ ಮನೆಯವರು ಏನೆಂದುಕೊಂಡಾರು? ಮೊನ್ನೆ ಗೆಳೆಯನ ಹೆಂಡತಿ ತಾನಾಗಿಯೇ, "ಮುಂಜಾನೆನ ಫಿನೈಲ್ ಹಾಕಿ ತೊಳದೇನ್ರಿ" ಎಂದರು. ನಾನು ತಲೆಯಾಡಿಸಿ ದೀಪ ಹಾಕಿದೆ. ಕಾರಣ ಹೇಳಬೇಕೆಂದರೆ ಲಕ್ಷ್ಮೇಶ್ವರದಿಂದ ಶುರುಮಾಡಬೇಕಾಗುತ್ತಿತ್ತು.

ಲಕ್ಷ್ಮೇಶ್ವರದಲ್ಲಿ ನನ್ನ ಚಿಗವ್ವ ಇದ್ದಾಳೆ. ಅವ್ವನ ತಂಗಿ, ಹೆಸರು ಗಂಗವ್ವ. ಮನೆಯಲ್ಲೇ ಕುಳಿತು ಓಣಿಯ ಹೆಂಗಸರ ಕುಪ್ಪಸ ಹೊಲಿಯುತ್ತಾಳೆ. ಈ ಬೇಸಿಗೆಯಲ್ಲಿ ಒಂದು ದಿನ ಫೋನು ಮಾಡಿದಳು.

"ತಮ್ಮಾ, ಲೈಟ್ ಬಿಲ್ ಸೊನ್ನಿ ಬರ್ತಿತ್ತು, ಈ ಸಲ ರೊಕ್ಕ ಬಂದೈತಿ. ಗ್ಯಾಸಿನ ರೊಕ್ಕ ತಿರುಗಿ ಬರ್ತಿತ್ತು, ಅದು ಬಂದಿಲ್ಲ. ಬರಬಾರದ್ದು ಬರಾಕತ್ತೈತಿ, ಬರಬೇಕಾದ್ದು ಬರವಲ್ದು. ನೀ ಕಲತಾಂವ, ಬಂದು ತಿಳಿಸಿ ಹೇಳು."

ನಾನು ಬಿ.ಎಸ್ಸಿ. ಓದಿ, ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವನು. 'ತಿಳಿಸಿ ಹೇಳು' ಎಂದು ಯಾರಾದರೂ ಕೇಳಿದರೆ ನನಗೆ ಒಳಗೊಳಗೇ ಹಿಗ್ಗು. ಆದರೂ ಮೂರು ಭಾನುವಾರ ಮುಂದೂಡಿದೆ. ಒಮ್ಮೆ ಮದುವೆ, ಒಮ್ಮೆ ಪೇಪರು ತಿದ್ದುವುದು, ಮೂರನೆಯದಕ್ಕೆ ಕಾರಣವೇ ಇರಲಿಲ್ಲ. ಆ ಮೂರನೆಯ ಭಾನುವಾರ ಮಧ್ಯಾಹ್ನ ನಾನು ಮಲಗಿದ್ದೆ. ಅದನ್ನು ನೆನೆದರೆ ಈಗ ಹಗಲು ನಿದ್ದೆ ಬರುವುದಿಲ್ಲ.

ನಾಲ್ಕನೆಯ ಭಾನುವಾರ ನಿಯಮಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆದುಕೊಂಡು ಬಸ್ಸು ಹತ್ತಿದೆ. ಓದುತ್ತ ಹೋದಂತೆ ನನಗೇ ಅನುಮಾನ ಶುರುವಾಯಿತು. ನಮ್ಮ ಕಡೆಯ ಸಂತೆಯಲ್ಲಿ ರಿಯಾಯಿತಿ ಎಂದರೆ ಕೊಸರು. ತೂಕ ಮುಗಿದ ಮೇಲೆ ಮಾರುವಾಕೆ ನಾಲ್ಕು ಹಸಿಮೆಣಸಿನಕಾಯಿ ಮೇಲೆ ಹಾಕುತ್ತಾಳೆ, ಅದು ಚೀಲಕ್ಕೆ ಬೀಳುವುದು ಕಾಣುತ್ತದೆ. ಇದು ಹಾಗಲ್ಲ. ಗ್ಯಾಸಿಗೆ ಮೊದಲು ಪೂರ್ತಿ ದುಡ್ಡು ಕೊಡಬೇಕು, ಅದರಲ್ಲಿ ಒಂದು ಪಾಲು ಆಮೇಲೆ ಯಾವಾಗಲೋ ಬ್ಯಾಂಕಿನ ಖಾತೆಗೆ ಬರುತ್ತದೆ. ವಿದ್ಯುತ್ತಿಗೆ ಇನ್ನೂ ವಿಚಿತ್ರ. ಯೋಜನೆ ಶುರುವಾಗುವ ಮುಂಚಿನ ವರ್ಷ ನೀವು ತಿಂಗಳಿಗೆ ಸರಾಸರಿ ಎಷ್ಟು ಉರಿಸಿದ್ದಿರೋ ಅಷ್ಟು, ಅದರ ಮೇಲೊಂದಿಷ್ಟು, ಪುಕ್ಕಟೆ. ಅದನ್ನು ದಾಟಿದರೆ ದಾಟಿದ್ದಕ್ಕೆ ದುಡ್ಡು. ಇನ್ನೂರು ಯುನಿಟ್ಟನ್ನೇ ದಾಟಿದರೆ ಇಡೀ ಬಿಲ್ಲಿಗೆ ದುಡ್ಡು. ರಿಯಾಯಿತಿ ಎಂಬ ಮಾತು ಅರಬ್ಬಿಯಿಂದ ಹೊರಟು ಫಾರಸಿ, ಮರಾಠಿ ದಾಟಿ ನಮ್ಮಲ್ಲಿಗೆ ಬಂದದ್ದಂತೆ. ಮೂಲದಲ್ಲಿ ಅದಕ್ಕೆ ಕಾಳಜಿ ಮಾಡುವುದು, ಕಾಯುವುದು ಎಂಬ ಅರ್ಥವೂ ಉಂಟು. ಈ ಸಂಗತಿಯನ್ನು ಚಿಗವ್ವನಿಗೆ ಹೇಳಿ ಬೆರಗುಗೊಳಿಸಬೇಕೆಂದು ಬಸ್ಸಿನಲ್ಲೇ ತೀರ್ಮಾನಿಸಿದೆ.

ಜೊತೆಗೆ ಇನ್ನೊಂದು ಪಾಠವೂ ತಯಾರಿತ್ತು. ಚಿಗವ್ವನಿಗೆ ಮೀಟರಿನ ಕೆಂಪು ದೀಪದ ಮೇಲೆ ಸಂಶಯ. "ಅದು ಕಣ್ಣ ಹೊಡದಂಗೆಲ್ಲಾ ಯುನಿಟ್ ಓಡ್ತಾವು" ಎನ್ನುತ್ತಾಳೆ. ಅದು ಒಂದು ಮಟ್ಟಿಗೆ ಖರೆಯೇ. ಅದಕ್ಕೆ ಆಕೆ ಮನೆಯಿಂದ ಹೊರಬೀಳುವಾಗಲೆಲ್ಲ, ಎರಡು ಮನೆಯಾಚೆ ಮಜ್ಜಿಗೆ ತರಲು ಹೋಗುವಾಗಲೂ, ಮೇನ್ ಸ್ವಿಚ್ ತೆಗೆದು, ಇಡೀ ಮನೆಯ ಕರೆಂಟು ಬಂದ್ ಮಾಡಿ ಹೋಗುತ್ತಾಳೆ. ಫ್ರಿಜ್ ಇಲ್ಲ, ಹೊಲಿಗೆಯಂತ್ರ ಕಾಲಲ್ಲಿ ತುಳಿಯುವುದು. ದೀಪ, ಫ್ಯಾನು ಆರಿಸಿದ್ದರೆ ಮೇನ್ ತೆಗೆದು ಉಳಿಯುವುದೇನೂ ಇಲ್ಲ. ಇದನ್ನು ವೈಜ್ಞಾನಿಕವಾಗಿ ಮನದಟ್ಟು ಮಾಡಿಸುವ ಉತ್ಸಾಹದಲ್ಲಿ ನಾನು ಆಕೆಯ ಮನೆ ಹೊಕ್ಕೆ.

ಬಾಗಿಲು ಕೀಲಿಯಿಲ್ಲದೆ ಬರೀ ಮುಂದೆ ಮಾಡಿತ್ತು, ಚಿಗವ್ವ ಇರಲಿಲ್ಲ. ಬಿಸಿಲಲ್ಲಿ ಬಂದವನು ನೀರಿಗೆಂದು ನೇರ ಅಡುಗೆಮನೆಗೆ ನಡೆದೆ. ಮಣ್ಣಿನ ದಪ್ಪ ಗೋಡೆಯ ಹಳೆಯ ಮನೆ. ಅಡುಗೆಮನೆಗಿದ್ದ ಒಂದೇ ಬೆಳಕಿಂಡಿಯನ್ನು ಮಂಗಗಳ ಕಾಟಕ್ಕೆ ತಗಡು ಬಡಿದು ಮುಚ್ಚಿದ್ದಾರೆ. ಮಟಮಟ ಮಧ್ಯಾಹ್ನವೂ ಅಲ್ಲಿ ಕತ್ತಲೆ. ನನಗೆ ನೆಗಡಿಯಾಗಿತ್ತು. ಏನೋ ಬೆಳ್ಳುಳ್ಳಿಯಂಥ ವಾಸನೆ ಬಂದ ಹಾಗಾಯಿತು. ಖಾರ ಕುಟ್ಟಿದ್ದಾಳೆ, ಊಟಕ್ಕೆ ರೊಟ್ಟಿ ಇದೆ ಎಂದು ಸಂತೋಷವಾಯಿತು.

ಸ್ವಿಚ್ ಒತ್ತಿದೆ. ದೀಪ ಹತ್ತಲಿಲ್ಲ. ಮತ್ತೆ ಒತ್ತಿದೆ. ಒಮ್ಮೆಗೆ ಹತ್ತದ ದೀಪ ಮೂರನೆಯ ಸಲಕ್ಕೆ ಹತ್ತುತ್ತದೆ ಎಂಬ ನಂಬಿಕೆ ವಿಜ್ಞಾನ ಓದಿದವರಿಗೂ ಇರುತ್ತದೆ. ಮೂರನೆಯ ಸಲ ಒತ್ತಿ ಬೆರಳು ಇನ್ನೂ ಅಲ್ಲೇ ಇರುವಾಗ ಹಿತ್ತಲ ಬಾಗಿಲಲ್ಲಿ ಚಿಗವ್ವ ಕಂಡಳು.

"ಏನೂ ಮುಟ್ಟಬ್ಯಾಡ. ಹೊರಗ ನಡಿ" ಎಂದಳು. ದನಿ ಏರಿಸಲಿಲ್ಲ. ನಿದ್ದೆಯಲ್ಲಿರುವ ಕೂಸನ್ನು ಎಬ್ಬಿಸಬಾರದು ಎಂಬಂತೆ ಹೇಳಿದಳು. ನನ್ನ ಪಕ್ಕದಲ್ಲೇ ಬಗ್ಗಿ ಒಲೆಯ ಕಿವಿ ತಿರುಗಿಸಿದಳು, ರೆಗ್ಯುಲೇಟರ್ ಬಂದ್ ಮಾಡಿದಳು. ಆಮೇಲೆ ಕಾಳು ಹಸನು ಮಾಡುವ ಮೊರ ಹಿಡಿದು, ನೆಲದ ಮೇಲಿನ ಹೊಟ್ಟು ಹೊರಹಾಕುವಂತೆ ಬಾಗಿಲ ಕಡೆ ಬೀಸತೊಡಗಿದಳು. ನಾನು ಅಂಗಳದಲ್ಲಿ ನಿಂತು ನೋಡಿದೆ. ಗ್ಯಾಸು ಗಾಳಿಗಿಂತ ಭಾರ, ನೆಲದಲ್ಲೇ ಹರಡಿಕೊಳ್ಳುತ್ತದೆ ಎಂದು ಪ್ರತಿವರ್ಷ ಪಾಠ ಹೇಳುವವನು ನಾನು. ಆಕೆಗೆ ಅದನ್ನು ಯಾರೂ ಹೇಳಿರಲಿಲ್ಲ.

ಆದದ್ದಿಷ್ಟು. ಬೆಳಿಗ್ಗೆ ಒಲೆಯ ಉರಿ ಸಣ್ಣಗಾಗಿ ಆರಿತ್ತು. ಗ್ಯಾಸು ಮುಗಿಯಿತೆಂದು ತಿಳಿದ ಚಿಗವ್ವ, ಒಲೆಯ ಕಿವಿ ತಿರುಗಿಸುವುದನ್ನು ಮರೆತು, ಸಿಲಿಂಡರನ್ನು ಬಿಸಿನೀರು ತುಂಬಿದ ತಗಡಿನ ಬುಟ್ಟಿಯಲ್ಲಿ ನಿಲ್ಲಿಸಿದ್ದಳು. ತಳದಲ್ಲಿ ಉಳಿದದ್ದನ್ನು ಹೀಗೆ ಕಾಯಿಸಿ ಮೇಲೆಬ್ಬಿಸುವುದು ಆ ಓಣಿಯ ಹೆಂಗಸರೆಲ್ಲ ಬಲ್ಲ ಉಪಾಯ. ನಂತರ ಮೇನ್ ತೆಗೆದು, ಹೊಲಿದ ಕುಪ್ಪಸ ಕೊಡಲು ಹಿಂದಿನ ಮನೆಗೆ ಹೋದಳು. ಇತ್ತ ನೀರಿನ ಬಿಸಿಗೆ ಗ್ಯಾಸು ಎದ್ದಿತು. ಉರಿಯಿಲ್ಲದ ಒಲೆಯಿಂದ ಸದ್ದಿಲ್ಲದೆ ಹೊರಗೆ ಬಂದಿತು. ಆಮೇಲೆ ನಾನು ಬಂದೆ.

ಅಕ್ಕಪಕ್ಕದವರಿಗೆ ಒಲೆ ಹಚ್ಚಬೇಡಿರೆಂದು ಹೇಳಿ ಬಂದು ಚಿಗವ್ವ ಕಟ್ಟೆಯ ಮೇಲೆ ನನ್ನ ಪಕ್ಕ ಕುಳಿತಳು. ಒಳಗೆ ಹೋಗಲು ಇಬ್ಬರಿಗೂ ಮನಸ್ಸಿರಲಿಲ್ಲ. ಕೈಗೆ ಏನಾದರೂ ಕೆಲಸ ಬೇಕೆಂದು ಆಕೆ ಸೂಜಿ ದಾರ ತೆಗೆದಳು. ಪೋಣಿಸಲಾಗಲಿಲ್ಲ, ನನಗೆ ಕೊಟ್ಟಳು. ನನ್ನಿಂದಲೂ ಆಗಲಿಲ್ಲ. ಸೂಜಿ ಹಾಗೇ ನಮ್ಮಿಬ್ಬರ ನಡುವೆ ಕಟ್ಟೆಯ ಮೇಲೆ ಬಿದ್ದಿತ್ತು.

"ಹೊಸಾ ಸಿಲಿಂಡರ್ ಯಾಕ ತಗೋಲಿಲ್ಲ ಬೇ?" ಎಂದೆ.

"ಹೆಂಗ ತಗೊಳ್ಳಲಿ? ಗ್ಯಾಸಿನ ಆಫೀಸಿನ್ಯಾಗ ಆಧಾರ ಗುರ್ತಿಗೆ ಹೆಬ್ಬಟ್ಟ ಕೇಳ್ತಾರ. ಎರಡ ಸಲ ಹೋಗಿ ಬಂದೆ, ನನ್ನ ಹೆಬ್ಬಟ್ಟ ಮೂಡವಲ್ದು. ಅದು ಮೂಡೂತನಕ ರಿಯಾಯ್ತಿ ಇಲ್ಲಂತ. ನೀ ಬಂದ ಏನರ ಹಾದಿ ಹೇಳತಿ ಅಂತ ಇದ್ದದ್ದನ್ನ ಎಳದೆ."

ಆಕೆ ಅಂಗೈ ಚಾಚಿದಳು. ನಲವತ್ತು ವರ್ಷ ರೊಟ್ಟಿ ಬಡಿದ ಕೈ. ಹೆಬ್ಬೆರಳು ತೊಳೆದಿಟ್ಟ ಹುಣಸೆ ಬೀಜದ ಹಾಗೆ ನುಣ್ಣಗಿತ್ತು. ಗೆರೆಗಳೆಲ್ಲ ರೊಟ್ಟಿಯೊಂದಿಗೆ ಹೋಗಿದ್ದವು. ಆ ರೊಟ್ಟಿಗಳಲ್ಲಿ ನಾನು ತಿಂದವೂ ಇದ್ದವು.

"ಲೈಟಿಂದ ಏನಾತು, ಅದನ್ನರ ಹೇಳು" ಎಂದಳು. ಹಾಳೆ ತೆಗೆದೆ. ನಿಯಮ ಓದಿ ಕೇಳಿದೆ. "ಯೋಜನೆ ಬರೂಕ್ಕಿಂತ ಮುಂಚಿನ ವರ್ಷ ನೀ ಎಲ್ಲಿದ್ದಿ?"

"ಬಾಳೆಹೊಸೂರಾಗ. ನಮ್ಮತ್ತಿ ಹಾಸಗಿ ಹಿಡದಿದ್ಲು. ಆರ ತಿಂಗಳ ಇಲ್ಲೆ ಕೀಲಿ."

"ಅದಕ್ಕ ನಿನ್ನ ಸರಾಸರಿ ಕಡಿಮಿ ಆಗೇತಿ. ಈ ಬ್ಯಾಸಗಿಗೆ ಫ್ಯಾನ್ ಹಾಕಿದ್ದು ಅದನ್ನ ದಾಟೇತಿ."

"ಅಂದ್ರ ಅವತ್ತ ದೀಪಾ ಹಚ್ಚಲಾರದ್ದಕ್ಕ ಇವತ್ತ ದಂಡ."

"ದಂಡ ಅಲ್ಲ ಚಿಗವ್ವಾ, ಲೆಕ್ಕ ಹಂಗ ಐತಿ."

"ಲೆಕ್ಕಾ ಹಾಕಿದಾಂವ ಯಾರ ಅತ್ತೀನೂ ನೋಡ್ಕೊಂಡಿಲ್ಲ ಬಿಡು" ಎಂದಳು. ಅರಬ್ಬಿ ಮೂಲದ ಸಂಗತಿಯನ್ನು ನಾನು ಹೇಳದೆ ನುಂಗಿಕೊಂಡೆ.

ಹೆಬ್ಬೆಟ್ಟು ಮೂಡದವರು ಮೊಬೈಲಿನಲ್ಲಿ ಮುಖ ತೋರಿಸಿದರೂ ಆಗುತ್ತದೆ ಎಂದು ನನ್ನ ಹಾಳೆಯ ಕೊನೆಯ ಸಾಲಿನಲ್ಲಿತ್ತು. ಸಂಜೆ ನನ್ನ ಫೋನಿನಲ್ಲೇ ಮಾಡಿದೆವು. ಫೋಟೋ ಎಂದು ತಿಳಿದು ಚಿಗವ್ವ ಸೆರಗು ಹೊದ್ದು ಕಣ್ಣು ಅಗಲಿಸಿ ಕುಳಿತಳು. ಫೋನು ಕಣ್ಣು ಮಿಟುಕಿಸು ಎನ್ನುತ್ತಿತ್ತು. "ಮೀಟರಿನಂಗ ಹೊಡಿಬೇಕೇನು?" ಎಂದು ಮಿಟುಕಿಸಿದಳು. ಆಯಿತು. ಒಂದು ಚಹಾ ಕುಡಿಯುವಷ್ಟೂ ಹೊತ್ತಾಗಲಿಲ್ಲ. ಇದನ್ನು ಮೂರು ವಾರ ಮೊದಲೇ ಮಾಡಿಕೊಡಬಹುದಿತ್ತು ಎಂದು ಆಕೆ ಅನ್ನಲಿಲ್ಲ. ಅಂದಿದ್ದರೆ ನನಗೆ ಹಗುರಾಗುತ್ತಿತ್ತು.

ಮತ್ತೆ ಮತ್ತೆ ಕಾಡುವುದು ಸಿಲಿಂಡರಲ್ಲ, ಆ ಸ್ವಿಚ್ಚು. ಪಾಠ ಹೇಳುತ್ತಿರುವಾಗ, ಬಸ್ಸಿಗೆ ಕಾಯುವಾಗ, ಬೆರಳ ತುದಿಯಲ್ಲಿ ಮೂರು ಸಲ ಟಕ್ ಎನ್ನುತ್ತದೆ. ಸ್ವಿಚ್ಚಿನೊಳಗೆ ಕಣ್ಣಿಗೆ ಕಾಣದ ಒಂದು ಕಿಡಿ ಸಾಕಿತ್ತು. ಕುಪ್ಪಸ ಕೊಟ್ಟು ಈಗ ಬಂದೇನು ಎಂದು ಚಿಗವ್ವ ಅವತ್ತೊಂದು ದಿನ ಮೇನ್ ಹಾಗೇ ಬಿಟ್ಟು ಹೋಗಿದ್ದರೆ? ನಾನು ಅದಕ್ಕೂ ಒಂದು ವಾರ ಮೊದಲೇ ಹೋಗಿ, ಮೇನ್ ತೆಗೆಯುವುದು ಮೂಢನಂಬಿಕೆ ಎಂದು ಆಕೆಯನ್ನು ಒಪ್ಪಿಸಿಬಿಟ್ಟಿದ್ದರೆ?

ಹೋದ ಭಾನುವಾರ ಮತ್ತೆ ಹೋಗಿದ್ದೆ. ಗ್ಯಾಸಿನ ರಿಯಾಯಿತಿ ಜಮೆಯಾಗಿತ್ತು, ಹೊಸ ಸಿಲಿಂಡರು ಒಣನೆಲದ ಮೇಲೆ ನೆಟ್ಟಗೆ ನಿಂತಿತ್ತು. ಬೆಳಕಿಂಡಿಯ ತಗಡು ತೆಗೆಸಿ ಜಾಳಿಗೆ ಬಡಿಸಿದ್ದಳು. ಊಟ ಮಾಡಿ, ನನ್ನನ್ನು ಬಸ್ಸಿಗೆ ಬಿಡಲು ಇಬ್ಬರೂ ಹೊರಟೆವು. ಬೀದಿಗಿಳಿದ ಮೇಲೆ ಆಕೆ ನಿಂತು ಕೇಳಿದಳು.

"ಮೇನ್ ತಗದಿ ಏನಪಾ?"

ಅದರಿಂದ ಬಿಲ್ಲಿನಲ್ಲಿ ಒಂದು ಯುನಿಟ್ಟೂ ಉಳಿಯುವುದಿಲ್ಲ. ಆ ಪಾಠ ನನ್ನ ಬಾಯಲ್ಲಿ ಈಗಲೂ ಸಿದ್ಧವಿದೆ.

"ತಗದೀನಿ ಚಿಗವ್ವಾ" ಎಂದೆ. ಆದರೂ ಒಮ್ಮೆ ಹಿಂದಿರುಗಿ ಹೋಗಿ ನೋಡಿ ಬಂದೆ.