ಬೀದಿಗೆಲ್ಲ ಒಂದೇ ಮೇಲ್ ಐಡಿ

ಕಳೆದ ವರ್ಷ ಗೌರಿ ಹಬ್ಬಕ್ಕೆ ಇನ್ನೊಂದು ವಾರವಿರುವಾಗ ನಡೆದ ಸಂಗತಿ ಇದು. ಹಬ್ಬದ ಮುಂಚೆ ಧೂಳು ಹೊಡೆಯುವುದು, ಡಬ್ಬ ತೊಳೆಯುವುದು ಎಲ್ಲರ ಮನೆಯಲ್ಲೂ ಇದ್ದದ್ದೇ. ನಮ್ಮ ಮನೆಯಲ್ಲಿ ಆ ಸಲ ಲ್ಯಾಪ್‌ಟಾಪಿನ ಧೂಳನ್ನೂ ಹೊಡೆಯಬೇಕಾಗಿ ಬಂತು. ಅದಕ್ಕೆ ಇಡೀ ಬೀದಿಯೇ ನಮ್ಮ ಹಾಲಿನಲ್ಲಿ ಬಂದು ನಿಂತಿತ್ತು.

ನಾವಿರುವುದು ಹಲಸೂರಿನ ಒಂದು ಹಳೇ ಬೀದಿಯಲ್ಲಿ. ಎದುರು ಮನೆಯವರು ಒಗ್ಗರಣೆ ಹಾಕಿದರೆ ನಾವು ಸೀನಬೇಕು, ಅಷ್ಟು ಇಕ್ಕಟ್ಟು. ನಾನು ಮದುವೆಯಾಗಿ ಬಂದಾಗ ಆ ಬೀದಿಗೆಲ್ಲ ಇದ್ದದ್ದು ಒಂದೇ ಫೋನು, ಅದು ನಮ್ಮ ಮಾವನವರದು. ಬೀದಿಯವರೆಲ್ಲ ನೆಂಟರಿಗೆ, ಆಫೀಸಿಗೆ ನಮ್ಮ ನಂಬರನ್ನೇ ಕೊಟ್ಟು ಪಕ್ಕದಲ್ಲಿ ‘ಪಿ.ಪಿ.’ ಎಂದು ಬರೆಯುತ್ತಿದ್ದರು. ಫೋನು ನಮ್ಮದಲ್ಲ, ಪಕ್ಕದ ಮನೆಯದು, ಹೇಳಿದರೆ ಕರೆಯುತ್ತಾರೆ ಎಂದು ಅದರ ಅರ್ಥ. ಫೋನು ಬಂದ ಕೂಡಲೇ ಮಾವ ಗೇಟಿನ ಹತ್ತಿರ ಹೋಗಿ ‘ಸೆಲ್ವೀ, ಫೋನೂ’ ಎಂದು ಕೂಗುತ್ತಿದ್ದರು. ಎದುರು ಮನೆಯ ಸೆಲ್ವಿ ಅಕ್ಕ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಓಡಿ ಬರುತ್ತಿದ್ದರು. ಹಾಗೆ ಕೂಗುವುದರಲ್ಲಿ ಮಾವನಿಗಿದ್ದ ಖುಷಿ ಸ್ವತಃ ಫೋನಿನಲ್ಲಿ ಮಾತಾಡುವುದರಲ್ಲೂ ಇರಲಿಲ್ಲ. ಅವರದೊಂದು ಕಟ್ಟುನಿಟ್ಟಿನ ನಿಯಮವಿತ್ತು: ಬೇರೆಯವರ ಫೋನು ಕೇಳಿಸಿಕೊಳ್ಳಬಾರದು, ಬೇರೆಯವರ ಫೋನು ಕಟ್ ಮಾಡಲೂಬಾರದು.

ಮೊಬೈಲ್ ಬಂದ ಮೇಲೆ ಮಾವನ ಉದ್ಯೋಗ ಹೋಯಿತು. ಒಂದಷ್ಟು ವರ್ಷ ಮಂಕಾಗಿ ಗೇಟಿನ ಬಳಿ ಕುರ್ಚಿ ಹಾಕಿಕೊಂಡು ಕೂತರು. ಆಮೇಲೆ ನಾನು ಲ್ಯಾಪ್‌ಟಾಪ್ ತಂದೆ. ಮನೆಯಲ್ಲೇ ಮಕ್ಕಳಿಗೆ ಕನ್ನಡ ಟ್ಯೂಷನ್ ಹೇಳುತ್ತೇನೆ, ಪಾಠಗಳನ್ನು ಟೈಪ್ ಮಾಡಿಕೊಳ್ಳುವುದಕ್ಕೆ ಬೇಕಿತ್ತು. ಮಗಳು ಅದರಲ್ಲಿ ನನಗೊಂದು ಮೇಲ್ ಐಡಿ ಮಾಡಿ, ಮೇಲ್ ನೋಡುವ ಪ್ರೋಗ್ರಾಂ ಹಾಕಿಕೊಟ್ಟಳು. ಅದೇ ವಾರ ಸೆಲ್ವಿ ಅಕ್ಕನಿಗೆ ಗ್ಯಾಸ್ ಏಜೆನ್ಸಿಯಲ್ಲಿ ಮೇಲ್ ಐಡಿ ಕೇಳಿದರಂತೆ. ಅವರು ಬಂದು ಪೇಚಾಡಿಕೊಂಡಾಗ ಮಾವನ ಮುಖ ಅರಳಿತು. “ಅದಕ್ಯಾಕಮ್ಮ ಯೋಚ್ನೆ? ನಮ್ಮನೇದೇ ಕೊಡು. ಬಂದ್ರೆ ನಮ್ ಸೊಸೆ ಕೂಗ್ತಾಳೆ” ಎಂದರು.

ಅಲ್ಲಿಂದ ಶುರುವಾಯಿತು. ಸೆಲ್ವಿ ಅಕ್ಕನ ಗ್ಯಾಸು, ಮೂಲೆಮನೆಯ ಮಂಜನ ಬ್ಯಾಂಕು, ಇನ್ಯಾರದೋ ಸೀರೆ ಅಂಗಡಿ, ಮಕ್ಕಳ ಸ್ಕೂಲು, ರಕ್ತ ಪರೀಕ್ಷೆಯ ರಿಪೋರ್ಟು, ಎಲ್ಲವೂ ನನ್ನ ಐಡಿಗೆ. ದಿನಕ್ಕೊಮ್ಮೆ ಕಾಫಿ ಲೋಟ ಹಿಡಿದುಕೊಂಡು ಮೇಲ್ ತೆರೆಯುವುದು, ಯಾರದು ಬಂದಿದೆಯೆಂದು ಮಾವನಿಗೆ ಹೇಳುವುದು ನನ್ನ ಕೆಲಸ. ಸೊಸೆ ಕೂಗುತ್ತಾಳೆ ಎಂದು ಹೇಳಿದ್ದರೂ ಕೂಗುವುದನ್ನು ಅವರು ನನಗೆ ಬಿಟ್ಟುಕೊಡಲಿಲ್ಲ. ನಿಜ ಹೇಳಬೇಕೆಂದರೆ ನನಗೂ ಅದು ಇಷ್ಟವೇ ಆಗಿತ್ತು. ಪೋಸ್ಟ್ ಮಾಸ್ಟರಂತೆ ಬೀದಿಯಲ್ಲಿ ನನಗೂ ಒಂದು ತೂಕ ಬಂದಿತ್ತು.

ಆದರೆ ಬರುಬರುತ್ತ ಮೇಲ್ ಪ್ರೋಗ್ರಾಂ ಆಮೆಯಾಯಿತು. ಅದನ್ನು ತೆರೆಯಲು ಒತ್ತಿ, ಅಕ್ಕಿ ತೊಳೆದು ಕುಕ್ಕರಿಗಿಟ್ಟು ಬಂದರೂ ಪರದೆಯ ಮೇಲೆ, ಕಾಯಿರಿ ಎನ್ನುವ ಆ ಬಳೆಯಂಥ ಗುರುತು ಇನ್ನೂ ಸುತ್ತುತ್ತಲೇ ಇರುತ್ತಿತ್ತು. ಲ್ಯಾಪ್‌ಟಾಪ್ ಬಿಸಿಯಾಗಿದೆ, ಆರಲು ಬಿಡು ಎಂದು ಮಾವ ಅದರ ಮುಂದೆ ಟೇಬಲ್ ಫ್ಯಾನ್ ಇಟ್ಟರು. ವೈಫೈ ಪೆಟ್ಟಿಗೆ ದೇವರ ಮನೆಯ ಗೋಡೆಗಿದೆ, ಅದಕ್ಕೇ ಹೀಗೆ ಎಂದು ಮಂಜ ಅದನ್ನು ಕಿತ್ತು ಹಾಲಿಗೆ ತಂದ. ಯಜಮಾನರು ಯಾವುದೋ ಆ್ಯಂಟಿವೈರಸ್ ಹಾಕಿದರು, ಅದು ಇನ್ನಷ್ಟು ನಿಧಾನವಾಯಿತು. ನಾನು ಯಾವ ಯಾವುದೋ ಬಟನ್ ಒತ್ತಿ ನೋಡಿದೆ. ಹಳೇ ಲ್ಯಾಪ್‌ಟಾಪು, ವಯಸ್ಸಾಯಿತು ಎಂದು ಕೊನೆಗೆ ಎಲ್ಲರೂ ಕೈಬಿಟ್ಟೆವು.

ಆ ಸಮಯದಲ್ಲೇ ನಾನು ಒಂದು ಕೆಲಸಕ್ಕೆ ಅರ್ಜಿ ಹಾಕಿದ್ದೆ. ಇಂದಿರಾನಗರದ ಒಂದು ಕಂಪನಿಯವರು, ಹೊರಗಿನಿಂದ ಬಂದ ತಮ್ಮ ನೌಕರರಿಗೆ ಮಾತಾಡುವ ಕನ್ನಡ ಕಲಿಸಲು ಟೀಚರ್ ಹುಡುಕುತ್ತಿದ್ದರು. ಕನ್ನಡ ಎಂ.ಎ. ಮಾಡಿ ಇಷ್ಟು ವರ್ಷ ಹಾಲಿನಲ್ಲೇ ಚಾಪೆ ಹಾಸಿ ಪಾಠ ಮಾಡಿದವಳು ನಾನು. ಹೊರಗೆ ಹೋಗಿ, ಕುರ್ಚಿಯಲ್ಲಿ ಕೂತ ದೊಡ್ಡವರಿಗೆ ಪಾಠ ಹೇಳಬೇಕೆಂಬುದು ನನ್ನ ಬಹಳ ದಿನದ ಆಸೆ. ಸಂದರ್ಶನ ಚೆನ್ನಾಗಿಯೇ ಆಗಿತ್ತು. ಮೇಲ್ ಮಾಡುತ್ತೇವೆ ಎಂದಿದ್ದರು. ನಾನು ದಿನವೂ ಆ ಸುತ್ತುವ ಬಳೆಯ ಮುಂದೆ ಕಾದು ಕೂತಿದ್ದೆ.

ಒಂದು ಬೆಳಿಗ್ಗೆ ಕಂಪನಿಯ ಮೇಡಂ ಒಬ್ಬರು ಫೋನ್ ಮಾಡಿದರು. ನಿಮಗೆ ಕಳಿಸಿದ ಮೇಲ್ ವಾಪಸ್ ಬರುತ್ತಿದೆ, ನಿಮ್ಮ ಮೇಲ್ ಬಾಕ್ಸ್ ತುಂಬಿ ಹೋಗಿದೆ ಎಂದರು. ಅವರು ಕಳಿಸುವ ಮೇಲಿಗೆ ಒಪ್ಪಿಗೆ ಬರೆದು, ಮೊದಲ ಪಾಠದ ಮಾದರಿಯನ್ನೂ ಸೇರಿಸಿ ನಾಲ್ಕು ಗಂಟೆಯೊಳಗೆ ಕಳಿಸಬೇಕಿತ್ತು. ಸಂಜೆ ಟೀಚರ್‌ಗಳ ಹೆಸರು ಮೇಲಧಿಕಾರಿಗಳಿಗೆ ಹೋಗುತ್ತದಂತೆ. ಜಾಗ ಮಾಡಿಕೊಂಡು ಹೇಳಿ, ಮತ್ತೆ ಕಳಿಸುತ್ತೇನೆ ಎಂದು ಫೋನ್ ಇಟ್ಟರು. ಯಜಮಾನರು ಡ್ಯೂಟಿಗೆ ಹೋಗಿದ್ದರು. ಮಗಳು ಮೈಸೂರಿನಲ್ಲಿ ಪರೀಕ್ಷೆ ಬರೆಯುತ್ತಿದ್ದಳು. ನೆನಪಾದದ್ದು ಜುಬೇದಾ.

ಜುಬೇದಾ ನನ್ನ ಹೈಸ್ಕೂಲ್ ಗೆಳತಿ. ಶಿವಾಜಿನಗರದಲ್ಲಿ ಗಂಡನ ಜೊತೆ ಜೆರಾಕ್ಸ್ ಮತ್ತು ಕಂಪ್ಯೂಟರ್ ಅಂಗಡಿ ನಡೆಸುತ್ತಾಳೆ. ಬಾಯಿ ಜೋರು. ಬಯ್ಯದೆ ಅವಳು ಯಾರಿಗೂ ಸಹಾಯ ಮಾಡಿದ್ದಿಲ್ಲ. ಸ್ಕೂಟರಿನಲ್ಲಿ ಬಂದವಳು ನೀರು ಕುಡಿದು, ಲ್ಯಾಪ್‌ಟಾಪಿನ ಮುಂದೆ ಕೂತು, ಮೇಲ್‌ಗಳನ್ನೆಲ್ಲ ದೊಡ್ಡದು ಮೊದಲು ಬರುವ ಹಾಗೆ ಜೋಡಿಸಿದಳು. ನೋಡುತ್ತ ನೋಡುತ್ತ ಅವಳ ಹುಬ್ಬು ಮೇಲಕ್ಕೇರಿತು.

“ಲ್ಯಾಪ್‌ಟಾಪ್‌ಗೆ ಏನೂ ಆಗಿಲ್ಲ ಕಣೇ. ಇದೇನು ಮೇಲ್ ಬಾಕ್ಸಾ, ರಸೆಲ್ ಮಾರ್ಕೆಟ್ಟಾ? ತೆರೆದಾಗೆಲ್ಲ ಇಷ್ಟನ್ನೂ ಹೊತ್ಕೊಂಡು ಏಳ್ಬೇಕಲ್ಲ, ಪಾಪ. ಇದರಲ್ಲಿ ನಿಂದು ಯಾವುದೇ?”

ನಾನೂ ಹುಡುಕಿದೆ. ಎಷ್ಟು ಹೊತ್ತು ಕೆಳಕ್ಕೆ ಎಳೆದರೂ ಸೆಲ್ವಿ ಅಕ್ಕನದೇ, ಮಂಜನದೇ, ಬೀದಿಯವರದೇ. ನನ್ನದು ಎನ್ನುವುದು ಮಗಳು ಐಡಿ ಮಾಡಿದ ದಿನ ಪರೀಕ್ಷೆಗೆಂದು ಕಳಿಸಿದ ‘ಹಾಯ್ ಅಮ್ಮ’ ಒಂದೇ. ನಗುವೂ ಬಂತು, ಬೇಜಾರೂ ಆಯಿತು.

ಸುಮ್ಮನೆ ಕಂಪನಿಯವರಿಗೆ ನನ್ನ ಅಂಗಡಿಯ ಐಡಿ ಕೊಟ್ಟುಬಿಡು, ಐದು ನಿಮಿಷದಲ್ಲಿ ಮುಗಿಸೋಣ ಎಂದು ಜುಬೇದಾ ಹೇಳಿದಳು. ಅವಳು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಆದರೂ ನನಗೆ ಮನಸ್ಸು ಒಪ್ಪಲಿಲ್ಲ.

“ಬೇಡ ಜುಬೇದಾ. ಇಷ್ಟು ವರ್ಷ ಎಲ್ರಿಗೂ ಬಂದಿದ್ದನ್ನ ಕರೆದು ಕೊಟ್ಟಿದ್ದೀನಿ. ನನಗೇ ಅಂತ ಬರ್ತಿರೋದು ಇದೊಂದೇ. ಇದು ನನ್ನ ಐಡಿಗೇ ಬರ್ಲಿ.”

ಅವಳು ತೋಳು ಮೇಲೇರಿಸಿಕೊಂಡಳು. ಹಾಗಾದರೆ ಎಲ್ಲವನ್ನೂ ಅಳಿಸಿಬಿಡುತ್ತೇನೆ ಎಂದಳು. ಬಾಗಿಲಲ್ಲಿ ನಿಂತಿದ್ದ ಮಾವ ಕೆಮ್ಮಿದರು. ಬೇರೆಯವರದನ್ನು ಕೇಳದೆ ಕಟ್ ಮಾಡುವ ಹಾಗಿಲ್ಲ ಎಂಬ ಅವರ ಹಳೇ ನಿಯಮ ಮೇಲಿಗೂ ಲಾಗುವಾಗಿತ್ತು. ಅದಕ್ಕೆ ಜುಬೇದಾ, “ತಾತ, ಇಷ್ಟೆಲ್ಲ ತುಂಬಿಸಿದ್ದು ಯಾರು?” ಎಂದು ಕೇಳಿದಳು. ಮಾವ ಚಪ್ಪಲಿ ಮೆಟ್ಟಿಕೊಂಡು ಗೇಟಿಗೆ ಹೋಗಿ, ಇದ್ದ ಉಸಿರನ್ನೆಲ್ಲ ಒಟ್ಟುಮಾಡಿ ಒಂದೊಂದೇ ಮನೆಯನ್ನು ಕೂಗತೊಡಗಿದರು. ಸೆಲ್ವೀ, ಮೇಲೂ. ಮಂಜಾ, ಮೇಲೂ.

ನೋಡುನೋಡುತ್ತಿದ್ದಂತೆ ಹಾಲು ತುಂಬಿತು. ಒಲೆಯ ಮೇಲೆ ಇಟ್ಟಿದ್ದನ್ನು ಬಿಟ್ಟು ಬಂದವರೂ ಇದ್ದರು. ಸಂಗತಿ ತಿಳಿದ ಮೇಲೆ ಯಾರೂ ಗೊಣಗಲಿಲ್ಲ. ನಿಮ್ಮ ಕೆಲಸಕ್ಕೆ ನಮ್ಮ ಗ್ಯಾಸ್ ಬಿಲ್ಲು ಅಡ್ಡ ಬರಬೇಕಾ, ಎಲ್ಲ ತೆಗೆದು ಬಿಸಾಕಿ ಎಂದು ಒಬ್ಬರಾದ ಮೇಲೊಬ್ಬರು ಹೇಳಿದರು. ಜುಬೇದಾ ಹೆಸರು ಓದುವುದು, ಅವರು ತಲೆಯಾಡಿಸುವುದು, ಇವಳು ಅಳಿಸುವುದು, ಹೀಗೆ ಸಾಗಿತು.

ಎಲ್ಲಕ್ಕಿಂತ ದೊಡ್ಡ ಬಂಡೆ ಸಿಕ್ಕಿದ್ದು ಸೆಲ್ವಿ ಅಕ್ಕನ ಲೆಕ್ಕದಲ್ಲಿ. ಮಗಳ ಮದುವೆಯ ಇಡೀ ಆಲ್ಬಮ್ಮನ್ನು ಫೋಟೋದವನು ಮೇಲಿನಲ್ಲಿ ಕಳಿಸಿದ್ದ. ನನ್ನ ಪ್ರೋಗ್ರಾಂ ಅದನ್ನು ತೆರೆಯಲಾರದೆ ಒದ್ದಾಡುತ್ತಿದ್ದುದರಿಂದ ಅಕ್ಕ ಅವನಿಗೆ ಬಂದಿಲ್ಲ, ಇನ್ನೊಂದು ಸಲ ಕಳಿಸಪ್ಪ ಎಂದು ಹೇಳುತ್ತಲೇ ಇದ್ದರು. ಅವನು ಪಾಪ, ಕಳಿಸುತ್ತಲೇ ಇದ್ದ. ಒಂದೇ ಮದುವೆ ನನ್ನ ಮೇಲ್ ಬಾಕ್ಸಿನಲ್ಲಿ ಮತ್ತೆ ಮತ್ತೆ ನಡೆದಿತ್ತು. ಕಳಿಸಿದಷ್ಟೂ ನಿಧಾನ, ನಿಧಾನವಾದಷ್ಟೂ ಕಳಿಸುವುದು.

“ಐಯೋ ಲತಾ, ಅದು ಮಾತ್ರ ಅಳಿಸ್ಬೇಡಮ್ಮಾ, ಪಾಪ್ಪಾದು, ನನ್ ಮಗಳ್ದು ಮದ್ವೆ” ಎಂದು ಸೆಲ್ವಿ ಅಕ್ಕ ಎದೆ ಹಿಡಿದುಕೊಂಡರು. ಜುಬೇದಾ ಒಂದು ಆಲ್ಬಮ್ಮನ್ನು ಪೆನ್‌ಡ್ರೈವಿಗೆ ಹಾಕಿ ಅವರ ಅಂಗೈಯಲ್ಲಿಟ್ಟು ಉಳಿದವನ್ನು ಅಳಿಸಿದಳು. ಮಂಜನ ಸರದಿ ಬಂದಾಗ ಬೇರೆಯೇ ತಮಾಷೆ. ಮದುವೆಯೇ ಬೇಡ ಎಂದು ತಿರುಗುವ ಹುಡುಗನಿಗೆ ವಧುಗಳ ಫೋಟೋ ರಾಶಿ ಬಿದ್ದಿತ್ತು. ಅವನ ತಾಯಿ ಮದುವೆ ವೆಬ್‌ಸೈಟಿನಲ್ಲಿ ಅವನ ಹೆಸರು ಕೊಟ್ಟಿದ್ದರಂತೆ. ಎಲ್ಲ ಅಳಿಸಿ ಎಂದು ಗತ್ತಿನಿಂದ ಹೇಳಿದವನು, ಸ್ವಲ್ಪ ಹೊತ್ತಾದ ಮೇಲೆ ಬಗ್ಗಿ, ಆ ಕೆ.ಆರ್. ಪುರಂನದೊಂದು ಇರಲಿ ಅಕ್ಕಾ ಎಂದ. ಹಾಲಿನಲ್ಲಿ ನಗು ನಿಲ್ಲಲು ಬಹಳ ಹೊತ್ತು ಹಿಡಿಯಿತು.

ಎಲ್ಲ ಅಳಿಸಿದ ಮೇಲೂ ಬಾಕ್ಸ್ ತುಂಬಿದೆ ಎಂದೇ ತೋರಿಸುತ್ತಿತ್ತು. ಗಡಿಯಾರ ಮೂರು ದಾಟಿತ್ತು. ನನಗೆ ಅಳು ಬರುವುದೊಂದೇ ಬಾಕಿ. ಜುಬೇದಾ ಹಣೆ ಬಡಿದುಕೊಂಡಳು. ಅಳಿಸಿದ್ದೆಲ್ಲ ಮೇಲ್ ಬಾಕ್ಸಿನ ಕಸದ ಬುಟ್ಟಿಯಲ್ಲಿ ಹಾಗೇ ಕೂತಿತ್ತು, ಅದನ್ನೂ ಖಾಲಿ ಮಾಡಬೇಕಿತ್ತು. ಮಾವ ಅಲ್ಲೂ ತಡೆದರು. ನಾಳೆ ಯಾರಾದರೂ ಕೇಳಿದರೆ ಏನು ಹೇಳುವುದು, ಬುಟ್ಟಿಯಲ್ಲಿ ಇದ್ದರೆ ಇರಲಿ ಎಂದರು.

“ತಾತ, ಕಸ ಗುಡಿಸಿ ಮಂಚದ ಕೆಳಗೆ ತಳ್ಳಿದ್ರೆ ಮನೆ ಕ್ಲೀನ್ ಆಗುತ್ತಾ?” ಎಂದಳು ಜುಬೇದಾ.

ಮಾವ ನನ್ನ ಮುಖ ನೋಡಿದರು. ಆಮೇಲೆ ಬೀದಿಯವರ ಕಡೆ ತಿರುಗಿ, ಎಲ್ಲರೂ ಒಪ್ಪಿದ ಹಾಗೇ ತಾನೇ ಎಂದು ಕೇಳಿ, ತಾವೇ ಬೆರಳು ಮುಂದೆ ಮಾಡಿದರು. ಯಾವ ಬಟನ್ ಎಂದು ಜುಬೇದಾ ತೋರಿಸಿದಳು. ಅವರು ಕರೆಗಂಟೆ ಒತ್ತುವ ಹಾಗೆ ಗಟ್ಟಿಯಾಗಿ ಒತ್ತಿದರು. ಅಷ್ಟೂ ವರ್ಷದ ರಾಶಿ ಹೋಯಿತು. ಪ್ರೋಗ್ರಾಂ ಮುಚ್ಚಿ ತೆರೆದರೆ ಬಳೆ ಒಂದು ಸುತ್ತು ಸುತ್ತಿ ಮಾಯವಾಯಿತು.

ಕಂಪನಿಯ ಮೇಡಂಗೆ ಫೋನ್ ಮಾಡಿ, ಜಾಗ ಆಗಿದೆ, ಕಳಿಸಿ ಎಂದೆ. ನಾನು ಲ್ಯಾಪ್‌ಟಾಪ್ ನೋಡಲು ಧೈರ್ಯವಾಗದೆ ಅಡುಗೆಮನೆಗೆ ಹೋಗಿ ತೊಳೆದ ಲೋಟಗಳನ್ನೇ ಮತ್ತೆ ತೊಳೆಯುತ್ತಿದ್ದೆ. ಟಿಂಗ್ ಎಂದು ಸದ್ದು ಕೇಳಿತು. ಬಂತು ಬಂತು ಎಂದು ಜುಬೇದಾ ಪಿಸುಗುಟ್ಟಿದ್ದೂ ಕೇಳಿತು. ಆದರೆ ಯಾರೂ ನನ್ನನ್ನು ಕರೆಯಲಿಲ್ಲ. ಆಮೇಲೆ ಗೇಟಿನ ಕಡೆಯಿಂದ ಮಾವನ ದನಿ ಬಂತು.

“ಲತಾ, ಮೇಲೂ.”

ನಾನು ಇದ್ದದ್ದು ಅವರದೇ ಮನೆಯ ಒಳಗೆ. ಆದರೂ ಅವರು ಗೇಟಿನವರೆಗೆ ನಡೆದು ಹೋಗಿ, ಅಲ್ಲಿ ನಿಂತು ಕೂಗಿದ್ದರು. ಇಷ್ಟು ವರ್ಷದಲ್ಲಿ ಆ ಗೇಟಿನಿಂದ ನನ್ನ ಹೆಸರು ಕೇಳಿದ್ದು ಅದೇ ಮೊದಲು. ಸೆರಗಿಗೆ ಕೈ ಒರೆಸಿಕೊಳ್ಳುತ್ತ ಓಡಿ ಬಂದೆ. ಕಣ್ಣನ್ನೂ ಅದೇ ಸೆರಗಿಗೆ ಒರೆಸಿಕೊಂಡೆ.

ಉತ್ತರ ಬರೆದು, ಪಾಠ ಸೇರಿಸಿ ಕಳಿಸಿದಾಗ ನಾಲ್ಕಕ್ಕೆ ಇನ್ನೂ ಸಮಯವಿತ್ತು. ತಲುಪಿತು ಎಂದು ಮೇಡಂ ಫೋನ್ ಮಾಡಿದ ಮೇಲೆ ಸೆಲ್ವಿ ಅಕ್ಕ ಎಲ್ಲರಿಗೂ ಕಾಫಿ ಕಾಸಿದರು, ನಮ್ಮ ಮನೆಯಲ್ಲೇ, ನಮ್ಮ ಹಾಲಿನಲ್ಲೇ.

ಹಬ್ಬ ಕಳೆದ ಮೇಲೆ ಒಂದು ಭಾನುವಾರ ಜುಬೇದಾ ಬಂದು, ಬಯ್ಯುತ್ತಲೇ ಎಲ್ಲರಿಗೂ ಒಂದೊಂದು ಮೇಲ್ ಐಡಿ ಮಾಡಿಕೊಟ್ಟಳು. ನನ್ನ ಮೇಲ್ ಈಗ ಗುಂಡು ಹಾರಿದ ಹಾಗೆ ತೆರೆಯುತ್ತದೆ. ತೆರೆದರೆ ಒಳಗೆ ಏನೂ ಇರುವುದಿಲ್ಲ. ಮೊದಮೊದಲು ಅದರಿಂದ ನನಗೇ ಬೇಜಾರಾಗುತ್ತಿತ್ತು, ಮಾವನಿಗಂತೂ ಕೇಳಲೇಬೇಡಿ.

ದಸರಾ ಆದ ಮೇಲೆ ಇಂದಿರಾನಗರದಲ್ಲಿ ನನ್ನ ಕ್ಲಾಸ್ ಶುರುವಾಯಿತು. ಮೊದಲ ದಿನವೇ ಪಾಠದ ನಡುವೆ ಚೀಲದೊಳಗೆ ಫೋನು ಗುಂಯ್‌ಗುಟ್ಟತೊಡಗಿತು. ನೋಡಿದರೆ ಒಂದರ ಹಿಂದೆ ಒಂದು ಓಟಿಪಿ. ಆಮೇಲೆ ತಿಳಿಯಿತು, ಹೊಸ ಐಡಿ ಮಾಡುವಾಗ ಪಾಸ್‌ವರ್ಡ್ ಮರೆತರೆ ಬೇಕಾಗುತ್ತದೆಂದು ಒಂದು ಫೋನ್ ನಂಬರ್ ಕೇಳಿತ್ತಂತೆ. ಎಲ್ಲರೂ ನನ್ನದನ್ನೇ ಕೊಟ್ಟಿದ್ದರು. ಸಲಹೆ ಯಾರದೆಂದು ಬೇರೆ ಹೇಳಬೇಕಾಗಿಲ್ಲ. ಪಾಸ್‌ವರ್ಡನ್ನೂ ಎಲ್ಲರೂ ಮರೆತಿದ್ದರು.

ಕ್ಲಾಸಿನವರ ಕ್ಷಮೆ ಕೇಳಿ, ಪಿ.ಪಿ. ಎಂದರೇನೆಂದು ಸರಳ ಕನ್ನಡದಲ್ಲಿ ಹೇಳಿದೆ. ಅವರಿಗೆ ಅರ್ಧ ಅರ್ಥವಾಯಿತು, ಪೂರ್ತಿ ನಕ್ಕರು. ಕ್ಲಾಸ್ ಮುಗಿದ ಮೇಲೆ ಒಡಿಶಾದ ಒಬ್ಬ ಹುಡುಗಿ ಹಿಂದೆಯೇ ಬಂದಳು. ಹೊಸ ತಿಪ್ಪಸಂದ್ರದ ಪಿ.ಜಿ.ಯಲ್ಲಿದ್ದಾಳೆ. ಏನಾದರೂ ಆದರೆ ತಿಳಿಸಲು ಈ ಊರಿನವರ ಒಂದು ನಂಬರ್ ಕೊಡು ಎಂದು ಪಿ.ಜಿ. ಆಂಟಿ ಕೇಳುತ್ತಿದ್ದಾರಂತೆ. ಇವಳಿಗೆ ಇಲ್ಲಿ ಯಾರೂ ಇಲ್ಲ. ಆ ದಿನ ಕಲಿತ ಕನ್ನಡವನ್ನೆಲ್ಲ ಕೂಡಿಸಿ, “ಮೇಡಂ, ನಿಮ್ಮ ನಂಬರ್... ಕೊಡಲಾ?” ಎಂದಳು.

“ಕೊಡಮ್ಮ. ಪಕ್ಕದಲ್ಲಿ ಪಿ.ಪಿ. ಅಂತ ಬರಿ” ಎಂದೆ.

ಈ ವಿಷಯ ಜುಬೇದಾಗೆ ಹೇಳಿದ್ದಕ್ಕೆ ನೀವು ಸುಧಾರಿಸುವ ಜನ ಅಲ್ಲ ಎಂದು ಬಯ್ದಳು. ಮಾವನಿಗೂ ಹೇಳಿದೆ. ಅವರು ಗೇಟಿನ ಕಡೆ ನೋಡಿದರು. ಆಮೇಲೆ ನಿಜವಾದ ಚಿಂತೆಯಿಂದ ಕೇಳಿದರು: “ಒಳ್ಳೇದೇ ಮಾಡ್ದೆ ಕಣಮ್ಮ. ಆದ್ರೆ ತಿಪ್ಪಸಂದ್ರಕ್ಕೆ ಇಲ್ಲಿಂದ ಕೂಗಿದ್ರೆ ಕೇಳಿಸುತ್ತಾ?”